ಕಮಾನುಗಳ ಊರಿನಲ್ಲಿ ಒಂದು ಹನಿಯ ಲೆಕ್ಕ

ಮಿಲಾನ್‌ನಿಂದ ಫ್ಲಾರೆನ್ಸಿಗೆ ಹೋಗುವ ರೈಲು ಅಪೆನೈನ್ ಬೆಟ್ಟಸಾಲನ್ನು ದಾಟುವ ಮುಂಚೆ ಒಂದು ದೊಡ್ಡ ಜಂಕ್ಷನ್ ಸಿಗುತ್ತದೆ. ಅದೇ ಬೊಲೊನ್ಯಾ. ಇಟಲಿ ಎಂದೊಡನೆ ರೋಮ್, ವೆನಿಸ್, ಪೀಸಾದ ವಾಲುಗೋಪುರ ನೆನಪಾಗುವಷ್ಟು ಬೇಗ ಈ ಊರಿನ ಹೆಸರು ನೆನಪಾಗುವುದಿಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ನೋಡಲು ಬೇಕಾದಷ್ಟಿದೆ. ಇಲ್ಲಿನ ವಿಶ್ವವಿದ್ಯಾನಿಲಯ 1088ರಲ್ಲಿ ಆರಂಭವಾಯಿತೆಂದು ಪ್ರತೀತಿ. ಪಾಶ್ಚಾತ್ಯ ಜಗತ್ತಿನಲ್ಲೇ ಅತ್ಯಂತ ಹಳೆಯದೆಂಬ ಹೆಸರು ಅದಕ್ಕಿದೆ. ಸತ್ತ ಕಪ್ಪೆಯ ಕಾಲು ಅದುರುವುದನ್ನು ಕಂಡು ವಿದ್ಯುತ್ತಿನ ಬಗ್ಗೆ ದೊಡ್ಡ ಚರ್ಚೆ ಎಬ್ಬಿಸಿದ ಲುಯಿಜಿ ಗಾಲ್ವಾನಿ ಇಲ್ಲಿಯವರು. ರೇಡಿಯೋದ ಮಾರ್ಕೋನಿ ಹುಟ್ಟಿದ್ದೂ ಇಲ್ಲಿಯೇ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1732ರಲ್ಲಿ, ಡಾಕ್ಟರೇಟ್ ಪಡೆದು ಅಧ್ಯಾಪಕಿಯಾಗಿ ನೇಮಕಗೊಂಡ ಲಾರಾ ಬಾಸ್ಸಿ ಭೌತಶಾಸ್ತ್ರ ಕಲಿಸಿದ್ದು ಇದೇ ಊರಿನಲ್ಲಿ.

ಇಲ್ಲಿಯೇ 1990ರ ಸುಮಾರಿಗೆ ಕೆಲವು ವಿಜ್ಞಾನಿಗಳು ಒಂದು ವಿಶಿಷ್ಟ ಕೆಲಸಕ್ಕೆ ಕೈಹಾಕಿದರು. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಹನಿಯೊಂದರ ಒಳಗೆ ದ್ರವ ಸ್ಫಟಿಕದ ಅಣುಗಳು ಯಾವ ದಿಕ್ಕಿಗೆ ಮುಖಮಾಡಿ ನಿಂತಿರುತ್ತವೆ ಎಂಬುದನ್ನು, ಹನಿಯನ್ನು ಮುಟ್ಟದೆಯೇ, ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ನೋಡುವ ಕೆಲಸ ಅದು. ಆ ಲೆಕ್ಕದಿಂದ ತಿಳಿದುಬಂದ ಮುಖ್ಯ ಸಂಗತಿ ಸರಳವಾದದ್ದು: ಜಾಗ ಕಿರಿದಾದಷ್ಟೂ ಒಳಗಿನವರ ಮೇಲೆ ಗೋಡೆಯ ಮಾತು ಹೆಚ್ಚು ನಡೆಯುತ್ತದೆ. ಇದನ್ನು ಅರಿಯಲು ಬೊಲೊನ್ಯಾದ ಬೀದಿಗಳಿಂದಲೇ ಆರಂಭಿಸುವುದು ಅನುಕೂಲ.

ಗೋಡೆ ತೋರಿದ ದಾರಿ

ಬೊಲೊನ್ಯಾ ಕಮಾನುಗಳ ಊರು. ಬೀದಿಯ ಇಕ್ಕೆಲಗಳಲ್ಲೂ ಮನೆಗಳ ಮುಂಭಾಗ ಕಂಬಗಳ ಮೇಲೆ ನಿಂತಿದೆ; ಕಂಬಗಳ ಒಳಗೆ ಉದ್ದಕ್ಕೂ ನೆರಳಿನ ಮೊಗಸಾಲೆ. ಮಲೆನಾಡಿನ ಮನೆಯ ಜಗಲಿಯನ್ನು ಒಂದಕ್ಕೊಂದು ಜೋಡಿಸುತ್ತ ಇಡೀ ಊರಿಗೆ ಹಾಸಿದರೆ ಹೇಗಿದ್ದೀತೋ ಹಾಗೆ. 1288ರಲ್ಲಿ ನಗರಸಭೆ ಒಂದು ಕಟ್ಟಳೆ ಮಾಡಿತು. ಹೊಸ ಮನೆ ಕಟ್ಟುವವರೆಲ್ಲ ಮುಂದೆ ಮೊಗಸಾಲೆ ಬಿಡಲೇಬೇಕು. ಕುದುರೆ ಏರಿದವನು ತಲೆ ತಾಗಿಸದೆ ಸಾಗುವಷ್ಟು, ಎಂದರೆ ಕನಿಷ್ಠ 7 ಬೊಲೊನ್ಯಾ ಅಡಿ ಅಥವಾ 2.66 ಮೀಟರ್ ಎತ್ತರ ಅದಕ್ಕಿರಬೇಕು. ಜಾಗ ಮನೆಯ ಯಜಮಾನನದು, ನಡೆಯುವ ಹಕ್ಕು ಊರಿನದು. ಇಂಥ ಮೊಗಸಾಲೆಗಳ ಒಟ್ಟು ಉದ್ದ ಈಗ ಸುಮಾರು 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೋ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರಿನ ನಡುವಿನ ದೊಡ್ಡ ಚೌಕದಲ್ಲಿ ನಿಂತ ಜನರನ್ನು ಗಮನಿಸಬೇಕು. ಒಬ್ಬ ಪೂರ್ವಕ್ಕೆ, ಒಬ್ಬ ಪಶ್ಚಿಮಕ್ಕೆ. ಎಲ್ಲರೂ ತಮಗೆ ಬೇಕಾದತ್ತ ನಡೆಯುತ್ತಾರೆ. ಅದೇ ಜನ ಮೊಗಸಾಲೆಯೊಳಗೆ ಹೊಕ್ಕೊಡನೆ ಗೋಡೆಗೂ ಕಂಬಸಾಲಿಗೂ ಸಮಾನಾಂತರವಾಗಿ ಸಾಗುತ್ತಾರೆ. ಯಾರೂ ಆಜ್ಞೆ ಮಾಡಿಲ್ಲ. ಜಾಗ ಕಿರಿದಾಗಿದೆ, ಗೋಡೆ ಹತ್ತಿರವಾಗಿದೆ, ಅಷ್ಟೇ. ಜನರಿಗೂ ಅಣುಗಳಿಗೂ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು, ನಿಜ. ಆದರೂ ಮುಂದೆ ಬರುವ ಹನಿಯ ಕಥೆಗೆ ಈ ಚಿತ್ರ ಮನಸ್ಸಿನಲ್ಲಿದ್ದರೆ ಸಹಾಯವಾಗುತ್ತದೆ.

ಗೋಪುರದಿಂದ ಬಿದ್ದ ಗುಂಡು

ಊರಿನ ನಡುವೆ ಎರಡು ಹಳೆಯ ಇಟ್ಟಿಗೆಯ ಗೋಪುರಗಳಿವೆ. ಎತ್ತರದ್ದು ಅಸಿನೆಲ್ಲಿ, 97 ಮೀಟರ್. ಗಿಡ್ಡನೆಯದು ಗರಿಸೆಂಡಾ, 48 ಮೀಟರ್. ಕಣ್ಣಿಗೆ ಹೊಡೆಯುವಷ್ಟು ವಾಲಿದೆ. 2023ರ ಅಕ್ಟೋಬರ್‌ನಲ್ಲಿ ಗರಿಸೆಂಡಾದ ಸುರಕ್ಷತೆಗಾಗಿ ಸುತ್ತಲಿನ ಜಾಗವನ್ನು ಮುಚ್ಚಿ, ಗೋಪುರವನ್ನು ಭದ್ರಪಡಿಸುವ ಕೆಲಸಕ್ಕೆ ಸಿದ್ಧತೆ ಆರಂಭವಾಯಿತು.

1640ರ ದಶಕದಲ್ಲಿ ಜಿಯೊವಾನ್ನಿ ಬತ್ತಿಸ್ತಾ ರಿಚ್ಚೋಲಿ ಎಂಬ ಜೆಸ್ಯುಯಿಟ್ ಪಾದ್ರಿ ಅಸಿನೆಲ್ಲಿ ಗೋಪುರದಿಂದ ಗುಂಡುಗಳನ್ನು ಬೀಳಿಸಿ ಕಾಲವನ್ನು ಅಳೆದರು. ಬೀಳುವ ವಸ್ತುಗಳ ಬಗ್ಗೆ ಗೆಲಿಲಿಯೊ ಹೇಳಿದ್ದರಲ್ಲಿ ಅವರಿಗೆ ಸಂಶಯವಿತ್ತು. ಕರಾರುವಾಕ್ಕಾದ ಗಡಿಯಾರವಿಲ್ಲದ ಕಾಲ ಅದು. ಆದ್ದರಿಂದ ಮೊದಲು ಒಂದು ಲೋಲಕವನ್ನು ಸಿದ್ಧಪಡಿಸಿ, ಸಹಪಾದ್ರಿಗಳನ್ನು ಕೂರಿಸಿ, 24 ಗಂಟೆ ಬಿಡದೆ ಅದರ ತೂಗಾಟಗಳನ್ನು ಎಣಿಸಿದರು. ಆಮೇಲೆ ಗುಂಡುಗಳನ್ನು ಬೀಳಿಸಿದಾಗ, ಸಮಾನ ಕಾಲಾವಧಿಗಳಲ್ಲಿ ಕ್ರಮಿಸಿದ ದೂರಗಳು 1, 3, 5, 7 ಎಂಬ ಪ್ರಮಾಣದಲ್ಲೇ ಬಂದವು. ಗೆಲಿಲಿಯೊ ಹೇಳಿದ್ದೂ ಅದನ್ನೇ. ರಿಚ್ಚೋಲಿ ತಮ್ಮ ಸಂಶಯವನ್ನು ಬದಿಗಿಟ್ಟು ಈ ಫಲಿತಾಂಶವನ್ನು 1651ರ ತಮ್ಮ ಬೃಹತ್ ಗ್ರಂಥದಲ್ಲಿ ಅಚ್ಚುಮಾಡಿಸಿದರು.

ಲೆಕ್ಕ ಎಷ್ಟೇ ಚೆಂದವಾಗಿರಲಿ, ಗೋಪುರದಿಂದ ಬಿದ್ದ ಗುಂಡು ಅದನ್ನು ಒಪ್ಪಬೇಕು. ಮುನ್ನೂರೈವತ್ತು ವರ್ಷಗಳ ಬಳಿಕ ಇದೇ ಊರಿನ ಕಂಪ್ಯೂಟರ್ ಹನಿಯೂ ಇಂಥದೇ ಪರೀಕ್ಷೆ ಎದುರಿಸಬೇಕಾಯಿತು.

ಎರಡು ಸಲ ಕರಗುವ ವಸ್ತು

ಗೋಪುರಗಳಿಂದ ನೈಋತ್ಯಕ್ಕೆ ಮೊಗಸಾಲೆಗಳ ನೆರಳಲ್ಲೇ ನಡೆದರೆ ಹಳೆಯ ಕೋಟೆಯ ಬಾಗಿಲುಗಳಲ್ಲೊಂದಾದ ಪೋರ್ತಾ ಸರಗೋತ್ಸಾ ಸಿಗುತ್ತದೆ. ಅದರ ಬಳಿಯ ಏರಿನಲ್ಲಿರುವ ರಸ್ತೆ ವಿಯಾಲೆ ರಿಸೋರ್ಜಿಮೆಂಟೊ. ಎಂಜಿನಿಯರಿಂಗ್ ವಿಭಾಗದ ಕಟ್ಟಡದ ನೆರೆಯಲ್ಲಿ, ಇದೇ ರಸ್ತೆಯ 4ನೇ ನಂಬರಿನಲ್ಲಿ, ವಿಶ್ವವಿದ್ಯಾನಿಲಯದ ಔದ್ಯೋಗಿಕ ರಸಾಯನಶಾಸ್ತ್ರ ವಿಭಾಗವಿತ್ತು. ಪ್ರೊಫೆಸರ್ ಕ್ಲಾಡಿಯೋ ಜನ್ನೋನಿ ಅವರ ಗುಂಪು ದಶಕಗಳ ಕಾಲ ದ್ರವ ಸ್ಫಟಿಕಗಳ ಮೇಲೆ ದುಡಿದದ್ದು ಈ ವಿಳಾಸದಲ್ಲಿ.

ದ್ರವ ಸ್ಫಟಿಕ ಎಂದರೇನು? 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಕೊಲೆಸ್ಟ್ರಾಲ್‌ನಿಂದ ತಯಾರಿಸಿದ ಒಂದು ವಸ್ತುವನ್ನು ಕಾಯಿಸುತ್ತಿದ್ದರು. ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಂಜುಮಂಜಾದ ದ್ರವವಾಯಿತು. ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಆ ಮಬ್ಬು ಥಟ್ಟನೆ ತಿಳಿಯಾಯಿತು. ಒಂದೇ ವಸ್ತು ಎರಡು ಸಲ ಕರಗಿದಂತೆ! ಜರ್ಮನಿಯ ಓಟೋ ಲೇಮನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ಪರೀಕ್ಷಿಸಿ, ನಡುವಿನ ಮಬ್ಬು ಸ್ಥಿತಿ ದ್ರವದಂತೆ ಹರಿಯುತ್ತದೆ, ಆದರೆ ಬೆಳಕಿನ ವಿಷಯದಲ್ಲಿ ಸ್ಫಟಿಕದಂತೆ ವರ್ತಿಸುತ್ತದೆ ಎಂದು ತೋರಿಸಿದರು.

ಇಂಥ ವಸ್ತುಗಳ ಅಣುಗಳು ಸಾಮಾನ್ಯವಾಗಿ ಕಡ್ಡಿಯಂತೆ ಉದ್ದವಾಗಿರುತ್ತವೆ. ಬೆಂಕಿಪೊಟ್ಟಣದ ಕಡ್ಡಿಗಳನ್ನು ನೆನೆಯಬಹುದು. ಸ್ಫಟಿಕದಲ್ಲಿ ಕಡ್ಡಿಗಳಿಗೆ ಜಾಗವೂ ನಿಗದಿ, ದಿಕ್ಕೂ ನಿಗದಿ. ಸಾಮಾನ್ಯ ದ್ರವದಲ್ಲಿ ಎರಡೂ ಇಲ್ಲ. ದ್ರವ ಸ್ಫಟಿಕದ ಅತ್ಯಂತ ಸರಳ ಬಗೆಯಾದ ನೆಮ್ಯಾಟಿಕ್ ಸ್ಥಿತಿಯಲ್ಲಿ ಜಾಗ ನಿಗದಿಯಿಲ್ಲ. ಆದರೆ ಎಲ್ಲ ಕಡ್ಡಿಗಳೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿರುತ್ತವೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಗ್ರೇ ಅವರ ಗುಂಪು ತಯಾರಿಸಿದ 5ಸಿಬಿ ಎಂಬ ವಸ್ತು ಸುಮಾರು 24ರಿಂದ 35 ಡಿಗ್ರಿಯವರೆಗೆ ಈ ಸ್ಥಿತಿಯಲ್ಲಿರುತ್ತದೆ. ಇಂಥ ಅಣುಗಳಿಂದಲೇ ಕೈಗಡಿಯಾರ, ಕ್ಯಾಲ್ಕುಲೇಟರ್‌ಗಳ ಅಂಕಿ ತೋರುವ ಪರದೆ ಬಳಕೆಗೆ ಬಂದಿತು. ಅಲ್ಲಿಯೂ ಗೋಡೆಯದೇ ಕೆಲಸ. ಗಾಜಿನ ಮೇಲಿನ ತೆಳುಲೇಪವನ್ನು ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿದರೆ, ಅದಕ್ಕೆ ತಾಗಿದ ಕಡ್ಡಿಗಳು ಆ ದಿಕ್ಕಿಗೇ ಮಲಗುತ್ತವೆ.

ಹನಿಯಲ್ಲಿ ಸೆರೆಯಾದಾಗ

ಅಮೆರಿಕದ ಓಹಾಯೊ ರಾಜ್ಯದ ಕೆಂಟ್ ಎಂಬ ಊರಿನಲ್ಲಿ 1965ರಲ್ಲಿ ಗ್ಲೆನ್ ಬ್ರೌನ್ ದ್ರವ ಸ್ಫಟಿಕಗಳಿಗೆಂದೇ ಒಂದು ಸಂಸ್ಥೆ ಕಟ್ಟಿದರು. 1980ರ ದಶಕದ ನಡುವಿನಲ್ಲಿ ಅಲ್ಲಿ ವಿಲಿಯಂ ಡೋನ್ ಮತ್ತು ಸಂಗಡಿಗರು ಪ್ಲಾಸ್ಟಿಕ್ಕಿನೊಳಗೆ ದ್ರವ ಸ್ಫಟಿಕದ ಸಣ್ಣ ಹನಿಗಳನ್ನು ಹುದುಗಿಸಿದರು. ಹನಿಯ ಅಡ್ಡಳತೆ ಸುಮಾರು ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ರಕ್ತದ ಕೆಂಪುಕಣವೇ ಏಳು ಮೈಕ್ರಾನ್ ಇರುತ್ತದೆ ಎಂದರೆ ಈ ಹನಿಯ ಗಾತ್ರ ಊಹಿಸಬಹುದು.

ಇಂಥ ಹಾಳೆಯನ್ನು ಎರಡು ಗಾಜುಗಳ ನಡುವೆ ಇಟ್ಟರೆ ಅದು ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಒಂದೊಂದು ಹನಿಯೂ ಬೆಳಕನ್ನು ಚೆದುರಿಸುತ್ತದೆ. ವಿದ್ಯುತ್ ಕ್ಷೇತ್ರ ಕೊಟ್ಟೊಡನೆ ಕಡ್ಡಿಗಳು ಅದರ ದಿಕ್ಕಿಗೆ ತಿರುಗುತ್ತವೆ. ಆಗ ಹನಿಯ ವಕ್ರೀಭವನಾಂಕ ಸುತ್ತಲಿನ ಪ್ಲಾಸ್ಟಿಕ್ಕಿನದಕ್ಕೆ ಹೊಂದಿಕೊಂಡು ಬೆಳಕು ನೇರ ಹಾಯುತ್ತದೆ, ಗಾಜು ತಿಳಿಯಾಗುತ್ತದೆ. ಗುಂಡಿ ಒತ್ತಿದರೆ ಪರದೆ ಸರಿದಂತೆ ತಿಳಿಯಾಗುವ ಕಿಟಕಿಗಳ ಗುಟ್ಟು ಇದೇ.

ಕಿಟಕಿ ಚೆನ್ನಾಗಿ ಕೆಲಸಮಾಡಬೇಕಾದರೆ ಹನಿಯೊಳಗೆ ಕಡ್ಡಿಗಳು ಹೇಗಿವೆ ಎಂಬುದು ತಿಳಿದಿರಬೇಕು. ಹನಿಯ ಗೋಡೆ ಕಡ್ಡಿಗಳನ್ನು ತನಗೆ ಲಂಬವಾಗಿ ನಿಲ್ಲಿಸುವಂತಿದ್ದರೆ ಅವು ಕೇಂದ್ರದಿಂದ ಎಲ್ಲ ಕಡೆಗೂ ಚಾಚಿದಂತಿರುತ್ತವೆ. ಕದಂಬದ ಹೂವನ್ನು ನೋಡಿದವರಿಗೆ ಈ ರೂಪ ಕೂಡಲೇ ಹೊಳೆಯುತ್ತದೆ. ವಿಜ್ಞಾನಿಗಳು ಇದನ್ನು ಮುಳ್ಳುಹಂದಿ ಎಂದು ಕರೆದಿದ್ದಾರೆ. ಗೋಡೆ ಕಡ್ಡಿಗಳನ್ನು ತನ್ನ ಮೈಗುಂಟ ಮಲಗಿಸುವಂತಿದ್ದರೆ ಅವು ಭೂಗೋಳದ ರೇಖಾಂಶಗಳಂತೆ ಒಂದು ಧ್ರುವದಿಂದ ಇನ್ನೊಂದು ಧ್ರುವಕ್ಕೆ ಸಾಗಬಹುದು.

ಎರಡರಲ್ಲೂ ಒಂದು ತೊಡಕಿದೆ. ಕದಂಬದ ಹೂವಿನ ನಟ್ಟನಡುವೆ ಇರುವ ಕಡ್ಡಿ ಯಾವ ದಿಕ್ಕಿಗೆ ತಿರುಗಬೇಕು? ಎಲ್ಲ ದಿಕ್ಕೂ ಸರಿ, ಆದ್ದರಿಂದ ಯಾವ ದಿಕ್ಕೂ ಸರಿಯಲ್ಲ. ಭೂಗೋಳದ ಧ್ರುವಗಳಲ್ಲೂ ಇದೇ ಪಾಡು. ತೆಂಗಿನಕಾಯಿಯ ನಾರನ್ನು ಎಷ್ಟೇ ಜಾಣತನದಿಂದ ಬಾಚಿದರೂ ಎಲ್ಲೋ ಒಂದು ಕಡೆ ಸುಳಿ ಉಳಿಯಲೇಬೇಕು. ಇದು ಬಾಚುವವನ ಕೊರತೆಯಲ್ಲ, ದುಂಡನೆಯ ಆಕಾರದ ಗುಣ. ಇಂಥ ಎಡೆಗಳಿಗೆ ದೋಷಬಿಂದು ಎಂದು ಹೆಸರು. ಆ ಬಿಂದುವಿನ ಸುತ್ತ ಕಡ್ಡಿ ಕಡ್ಡಿಯಾಗಿ ಏನಾಗುತ್ತದೆ ಎಂಬುದು ಸೂಕ್ಷ್ಮದರ್ಶಕಕ್ಕೆ ನಿಲುಕುವ ಮಾತಲ್ಲ. ಬೆಳಕಿನ ಅಲೆಯೇ ಅದಕ್ಕಿಂತ ದೊಡ್ಡದು. ಲೆಕ್ಕ ಬೇಕಾದದ್ದು ಇಲ್ಲಿ.

ದಾಳ ಎಸೆಯುವ ಕಂಪ್ಯೂಟರ್

1972ರಲ್ಲಿ ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದ ಲೆಬ್‌ವೋಲ್ ಮತ್ತು ಲಾಶರ್ ಒಂದು ಸರಳ ಮಾದರಿ ಪ್ರಕಟಿಸಿದ್ದರು. ಚೌಕಾಕಾರದ ಗೂಡುಗಳ ಒಂದು ದೊಡ್ಡ ಘನ. ಪ್ರತಿ ಗೂಡಿನಲ್ಲೂ ಒಂದು ಕಡ್ಡಿ. ಅಣುಗಳ ಒಂದು ಚಿಕ್ಕ ಗುಂಪಿನ ಪ್ರತಿನಿಧಿ ಅದು ಎಂದು ತಿಳಿಯಬಹುದು. ಕಡ್ಡಿ ಜಾಗ ಬಿಡುವುದಿಲ್ಲ, ನಿಂತಲ್ಲೇ ತಿರುಗುತ್ತದೆ. ಅದಕ್ಕೆ ಮೇಲೆ, ಕೆಳಗೆ, ಎಡ, ಬಲ, ಹಿಂದೆ, ಮುಂದೆ ಎಂದು ಆರು ನೆರೆಯವರು. ನೆರೆಯ ಎರಡು ಕಡ್ಡಿಗಳು ಸಮಾನಾಂತರವಾಗಿದ್ದರೆ ಅವುಗಳ ಶಕ್ತಿ ಋಣ 1. ಒಂದಕ್ಕೊಂದು ಲಂಬವಾಗಿದ್ದರೆ ಧನ ಅರ್ಧ. ಶಕ್ತಿ ಕಡಿಮೆಯಿದ್ದಷ್ಟೂ ನೆಮ್ಮದಿ ಹೆಚ್ಚು. ಕಡ್ಡಿಗೆ ತಲೆ ಬಾಲಗಳ ಭೇದವಿಲ್ಲದ ಕಾರಣ ತಲೆಕೆಳಗಾಗಿ ನಿಂತರೂ ಅದೇ ಶಕ್ತಿ. ಮಾದರಿಯ ನಿಯಮವೆಲ್ಲ ಇಷ್ಟೇ.

ನಿಯಮವನ್ನು ನಡೆಸುವ ವಿಧಾನಕ್ಕೆ ಜೂಜಿನ ಊರಾದ ಮಾಂಟೆ ಕಾರ್ಲೊ ಹೆಸರಿದೆ. 1953ರಲ್ಲಿ ಲಾಸ್ ಅಲಮೋಸ್‌ನಲ್ಲಿ ನಿಕೊಲಸ್ ಮೆಟ್ರೊಪೊಲಿಸ್ ಮತ್ತು ಸಹೋದ್ಯೋಗಿಗಳು ಇದಕ್ಕೆ ಒಂದು ರೂಪ ಕೊಟ್ಟರು. ಕಂಪ್ಯೂಟರ್ ಯಾವುದೋ ಒಂದು ಕಡ್ಡಿಯನ್ನು ಆರಿಸಿ ಅಡ್ಡಾದಿಡ್ಡಿಯಾಗಿ ಸ್ವಲ್ಪ ತಿರುಗಿಸುತ್ತದೆ. ಶಕ್ತಿ ಕಡಿಮೆಯಾದರೆ ಹೊಸ ದಿಕ್ಕು ಅಂಗೀಕೃತ. ಹೆಚ್ಚಾದರೆ ಕೂಡಲೇ ತಿರಸ್ಕರಿಸುವುದಿಲ್ಲ, ದಾಳ ಎಸೆಯುತ್ತದೆ. ತಾಪ ಹೆಚ್ಚಿದ್ದರೆ ದಾಳ ‘ಹೂಂ’ ಎನ್ನುವ ಸಂಭವ ಹೆಚ್ಚು, ತಾಪ ಕಡಿಮೆಯಿದ್ದರೆ ಕಡಿಮೆ. ಹೀಗೆ ಲಕ್ಷಗಟ್ಟಲೆ ಸಲ. ಕೊನೆಗೆ ಕಡ್ಡಿಗಳು ಆ ತಾಪದಲ್ಲಿ ನಿಜವಾಗಿ ಹೇಗಿರಬೇಕೋ ಹಾಗೆ ನೆಲೆಗೊಳ್ಳುತ್ತವೆ. ಬೊಲೊನ್ಯಾದ ಗುಂಪು 1986ರಲ್ಲಿ ಪ್ರತಿ ಬದಿಗೆ 30 ಗೂಡುಗಳ, ಒಟ್ಟು 27,000 ಕಡ್ಡಿಗಳ ಘನವೊಂದನ್ನು ಹೀಗೆ ಪರೀಕ್ಷಿಸಿ, ದ್ರವ ಸ್ಫಟಿಕ ಸಾಮಾನ್ಯ ದ್ರವವಾಗುವ ಬಿಂದುವನ್ನು ನಿಖರವಾಗಿ ಗುರುತಿಸಿತು. ಅಷ್ಟು ಕಡ್ಡಿಗಳಿಗೆ ಹತ್ತು ಸಾವಿರ ಸುತ್ತು ಲೆಕ್ಕ ಹಾಕಬೇಕೆಂದರೆ 27 ಕೋಟಿ ಸಲ ಕಡ್ಡಿ ತಿರುಗಿಸಿ ನೋಡಬೇಕು. ಅಂದಿನ ಯಂತ್ರಗಳಿಗೆ ಅದು ಹುಡುಗಾಟವಾಗಿರಲಿಲ್ಲ.

ಹನಿ ಮಾಡುವ ಉಪಾಯ ಇನ್ನೂ ಸರಳ. ಘನದಿಂದ ಗೋಳದಾಕಾರದ ಒಂದು ತುಂಡನ್ನು ಕೆತ್ತಿ ತೆಗೆಯುವುದು. ಅದರ ಸುತ್ತ ಒಂದು ಪದರ ಕಡ್ಡಿಗಳನ್ನು ಬೇಕಾದ ದಿಕ್ಕಿನಲ್ಲಿ ನೆಟ್ಟು, ತಿರುಗದಂತೆ ಬಿಗಿಯುವುದು. ಅದೇ ಗೋಡೆ. 1990ರಲ್ಲಿ ಚೆಸಾರೆ ಕಿಕ್ಕೋಲಿ, ಪಾವೊಲೊ ಪಸೀನಿ, ಫ್ರಾಂಕೊ ಸೆಮೇರಿಯಾ ಮತ್ತು ಜನ್ನೋನಿ, ಗೋಡೆಯ ಕಡ್ಡಿಗಳೆಲ್ಲ ಕೇಂದ್ರದತ್ತ ಮುಖಮಾಡಿದ ಹನಿಯ ಲೆಕ್ಕವನ್ನು ಪ್ರಕಟಿಸಿದರು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಎರಡು ಧ್ರುವಗಳ ಹನಿ, ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕ ಹನಿ ಎಂದು ಕೆಲಸ ಬೆಳೆಯಿತು.

ಹನಿ ಹೇಳಿದ್ದೇನು?

ಮೊದಲು ಒಂದು ಮನೆಲೆಕ್ಕ. ಬದಿಗೆ 100 ಗೂಡುಗಳಿರುವ ಘನದಲ್ಲಿ ಒಟ್ಟು 10 ಲಕ್ಷ ಕಡ್ಡಿಗಳು. ಹೊರಪದರ ತೆಗೆದರೆ ಒಳಗೆ 98ರ ಘನ, ಎಂದರೆ 9,41,192 ಉಳಿಯುತ್ತವೆ. ಹೊರಮೈಯಲ್ಲಿರುವವು ನೂರಕ್ಕೆ ಆರಕ್ಕಿಂತ ಕಡಿಮೆ. ಬದಿಗೆ 30 ಇದ್ದರೆ ಹೊರಮೈಯ ಪಾಲು ನೂರಕ್ಕೆ ಸುಮಾರು 19. ಬದಿಗೆ 10 ಮಾತ್ರ ಇದ್ದರೆ 1,000 ಕಡ್ಡಿಗಳಲ್ಲಿ 488 ಹೊರಮೈಯಲ್ಲೇ ಇರುತ್ತವೆ. ಹೆಚ್ಚುಕಡಿಮೆ ಅರ್ಧದಷ್ಟು! ದೊಡ್ಡ ಪಾತ್ರೆಯಲ್ಲಿ ಗೋಡೆಯ ಮಾತು ಕೆಲವರಿಗಷ್ಟೇ ಕೇಳಿಸುತ್ತದೆ. ಚಿಕ್ಕ ಹನಿಯಲ್ಲಿ ಎಲ್ಲರಿಗೂ ಕೇಳಿಸುತ್ತದೆ.

ಇದರ ಪರಿಣಾಮ ಕಂಪ್ಯೂಟರಿನಲ್ಲಿ ಸ್ಪಷ್ಟವಾಗಿ ಕಂಡಿತು. ದೊಡ್ಡ ಪ್ರಮಾಣದ ದ್ರವ ಸ್ಫಟಿಕ ಒಂದು ನಿರ್ದಿಷ್ಟ ತಾಪದಲ್ಲಿ ಥಟ್ಟನೆ ಸಾಮಾನ್ಯ ದ್ರವವಾಗುತ್ತದೆ; ರೈನಿಟ್ಜರ್ ಕಂಡದ್ದು ಅದನ್ನೇ. ಕದಂಬದ ಹೂವಿನಂಥ ಅತಿ ಚಿಕ್ಕ ಹನಿಯಲ್ಲಾದರೋ ಆ ಥಟ್ಟನೆಯ ಬದಲಾವಣೆ ಮಾಯವಾಯಿತು. ಗೋಡೆ ಕೈಬಿಡದ ಕಾರಣ ಶಿಸ್ತು ಮೆಲ್ಲಮೆಲ್ಲಗೆ ಇಳಿಯಿತೇ ಹೊರತು ಒಮ್ಮೆಗೇ ಕುಸಿಯಲಿಲ್ಲ. ಪಾತ್ರೆ ಬದಲಾದರೆ ಕರಗುವ ಬಗೆಯೇ ಬದಲಾಗುತ್ತದೆ!

ಎರಡನೆಯ ಸಂಗತಿ ಅಳತೆಗೆ ಸಂಬಂಧಿಸಿದ್ದು. ಎಲ್ಲ ಕಡ್ಡಿಗಳೂ ಒಂದೇ ದಿಕ್ಕಿಗಿದ್ದರೆ ಶಿಸ್ತು 1, ದಿಕ್ಕಾಪಾಲಾಗಿದ್ದರೆ ಸೊನ್ನೆ ಎಂದು ಅಳೆಯುವ ರೂಢಿಯಿದೆ. ಕದಂಬದ ಹೂವಿನಂತೆ ಅಚ್ಚುಕಟ್ಟಾಗಿ ನಿಂತ ಹನಿಯನ್ನು ಈ ಮಾನದಿಂದ ಅಳೆದರೆ ಉತ್ತರ ಸೊನ್ನೆ! ಪ್ರತಿ ದಿಕ್ಕಿಗೂ ಸಮನಾಗಿ ಕಡ್ಡಿಗಳು ಚಾಚಿರುವುದರಿಂದ ಸರಾಸರಿ ಸೊನ್ನೆಯಾಗುತ್ತದೆ. ಒಳಗೆ ಇಷ್ಟು ಶಿಸ್ತಿದ್ದೂ ಅಳತೆಗೋಲು ಅದನ್ನು ಗೊಂದಲವೆನ್ನುತ್ತದೆ. ಆದ್ದರಿಂದ ವಿಜ್ಞಾನಿಗಳು ಬೇರೆ ಮಾನವನ್ನೂ ಬಳಸಿದರು. ಪ್ರತಿ ಕಡ್ಡಿಯನ್ನು ಹೊರಗಿನ ಒಂದು ಸ್ಥಿರ ದಿಕ್ಕಿಗಲ್ಲ, ಕೇಂದ್ರದಿಂದ ಅದರ ಬಳಿಗೆ ಎಳೆದ ಅದರದೇ ತ್ರಿಜ್ಯಕ್ಕೆ ಹೋಲಿಸಬೇಕು. ಆಗ ಉತ್ತರ 1ರ ಹತ್ತಿರ ಬರುತ್ತದೆ. ಒಂದೇ ಪರೀಕ್ಷೆಯ ಒಂದೇ ಅಂಕದಿಂದ ಎಲ್ಲವನ್ನೂ ತೂಗುವ ಕಾಲದಲ್ಲಿ ಪೋಷಕರೂ ಈ ಮಾತನ್ನು ಮೆಲುಕುಹಾಕಬಹುದು.

ಮೂರನೆಯದು ನಡುವಿನ ದೋಷ. ಹೊರಗಿನಿಂದ ಒಳಗೆ ಬಂದಂತೆ ಕಡ್ಡಿಗಳು ತ್ರಿಜ್ಯವನ್ನು ಅನುಸರಿಸುತ್ತಲೇ ಬಂದು, ನಟ್ಟನಡುವಿನ ಪುಟ್ಟ ಎಡೆಯಲ್ಲಿ ಆ ನಿಯಮವನ್ನು ಕೈಬಿಡುತ್ತವೆ. ವಿದ್ಯುತ್ ಕ್ಷೇತ್ರ ಕೊಟ್ಟಾಗ ಮೊದಲು ಓಗೊಡುವುದೂ ಗೋಡೆಯಿಂದ ದೂರವಿರುವ ಈ ನಡುಭಾಗದವೇ. ಕ್ಷೇತ್ರ ಬಲವಾದಂತೆ ಹೊರಗಿನವೂ ಒಂದೊಂದೇ ಪದರವಾಗಿ ಮಣಿಯುತ್ತವೆ. ಗೋಡೆಯ ಪಕ್ಕದವು ಮಾತ್ರ ಕೊನೆಯವರೆಗೂ ಜಗ್ಗುವುದಿಲ್ಲ. ಕಿಟಕಿಯ ಗಾಜನ್ನು ತಿಳಿಯಾಗಿಸಲು ಹನಿ ಚಿಕ್ಕದಾದಷ್ಟೂ ಹೆಚ್ಚು ವೋಲ್ಟೇಜ್ ಬೇಕಾಗುವುದೇಕೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಲೆಕ್ಕಕ್ಕೆ ಸಾಕ್ಷಿ

ಇದೆಲ್ಲ ಕಂಪ್ಯೂಟರಿನ ಹನಿ. ನಿಜವಾದ ಹನಿ ಒಪ್ಪುತ್ತದೆಯೇ? ಅದಕ್ಕೊಂದು ಹಳೆಯ ಉಪಾಯವಿದೆ. ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಬೆಳಕು ಹಾಯುವುದಿಲ್ಲ. ನಡುವೆ ದ್ರವ ಸ್ಫಟಿಕದ ಹನಿ ಇಟ್ಟರೆ ಕಡ್ಡಿಗಳ ದಿಕ್ಕಿಗೆ ತಕ್ಕಂತೆ ಕೆಲವೆಡೆ ಬೆಳಕು ಹಾಯುತ್ತದೆ, ಕೆಲವೆಡೆ ಕತ್ತಲೆಯೇ ಉಳಿಯುತ್ತದೆ. ಕದಂಬದ ಹೂವಿನಂಥ ಹನಿ ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ವೃತ್ತದ ಮೇಲೆ ಒಂದು ಕಪ್ಪು ಕೂಡು ಚಿಹ್ನೆಯಂತೆ ಕಾಣುತ್ತದೆ. ಬೊಲೊನ್ಯಾದವರು ತಮ್ಮ ಲೆಕ್ಕದ ಹನಿಯ ಮೂಲಕವೂ ಬೆಳಕನ್ನು ಲೆಕ್ಕದಲ್ಲೇ ಹಾಯಿಸಿದರು. ಒಂದೊಂದು ಸಾಲಿನ ಕಡ್ಡಿಗಳೂ ಬೆಳಕನ್ನು ಹೇಗೆ ಬದಲಿಸುತ್ತವೆಂದು ಗುಣಿಸುತ್ತ ಹೋಗಿ ಚಿತ್ರ ಬರೆಸಿದಾಗ ಅದೇ ಕಪ್ಪು ಕೂಡು ಚಿಹ್ನೆ ಮೂಡಿತು. ರಿಚ್ಚೋಲಿಯ ಗುಂಡು ಗೋಪುರದಿಂದ ಬಿದ್ದು ಸಾಕ್ಷಿ ಹೇಳಿದಂತೆ, ಹನಿಯ ಸಾಕ್ಷಿಯನ್ನು ಬೆಳಕು ಹೇಳಿತು.

ಬೆಂಗಳೂರಿನ ಪಾಲು

ದ್ರವ ಸ್ಫಟಿಕಗಳ ಚರಿತ್ರೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಸ್ಥಾನವಿದೆ. ಸರ್ ಸಿ.ವಿ. ರಾಮನ್ ಅವರ ಸೋದರಿಯ ಮಗ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗಕ್ಕೆ ಪ್ರಾಧ್ಯಾಪಕರಾಗಿ ಬಂದು ಈ ವಿಷಯದಲ್ಲಿ ಸಂಶೋಧನೆ ಆರಂಭಿಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅದಕ್ಕೊಂದು ಪ್ರಯೋಗಾಲಯ ಕಟ್ಟಿದರು. ಕಡ್ಡಿಯಂಥ ಅಣುಗಳಷ್ಟೇ ದ್ರವ ಸ್ಫಟಿಕವಾಗುತ್ತವೆ ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳೂ ಒಂದರ ಮೇಲೊಂದು ಪೇರಿಕೊಂಡು ದ್ರವ ಸ್ಫಟಿಕವಾಗಬಲ್ಲವೆಂದು ‘ಪ್ರಮಾಣ’ ಪತ್ರಿಕೆಯಲ್ಲಿ ತೋರಿಸಿದರು. ಅದೇ ವರ್ಷ ಅವರ ‘ಲಿಕ್ವಿಡ್ ಕ್ರಿಸ್ಟಲ್ಸ್’ ಗ್ರಂಥವನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯ ಮುದ್ರಣಾಲಯ ಹೊರತಂದಿತು. 1991ರಲ್ಲಿ ಅವರು ಜಾಲಹಳ್ಳಿಯಲ್ಲಿ ಸ್ಥಾಪಿಸಿದ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಇಂದು ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವೆಂಬ ಹೆಸರಿನಲ್ಲಿ ಬೆಳೆದಿದೆ. ಬೆಂಗಳೂರಿನಲ್ಲಿ ಮೊದಲು ಕಂಡ ಆ ತಟ್ಟೆ ಅಣುಗಳ ಕಂಬಗಳನ್ನು ಬೊಲೊನ್ಯಾದ ಗುಂಪು ಮುಂದೆ ಕಂಪ್ಯೂಟರಿನಲ್ಲೂ ಕಟ್ಟಿ ನೋಡಿತು. 2022ರಲ್ಲಿ ಜನ್ನೋನಿಯವರ ಜೀವಮಾನದ ದುಡಿಮೆಯ ಗ್ರಂಥವನ್ನು ಪ್ರಕಟಿಸಿದ್ದೂ ಅದೇ ಕೇಂಬ್ರಿಜ್ ಮುದ್ರಣಾಲಯ.

ತಂಬಾಕಿನ ಕಾರ್ಖಾನೆಯಲ್ಲಿ ಗಣಕ

ಬೊಲೊನ್ಯಾಕ್ಕೆ ಕಂಪ್ಯೂಟರಿನ ನಂಟು ಹಳೆಯದು. 1967ರಲ್ಲಿ ಕೆಲವು ವಿಶ್ವವಿದ್ಯಾನಿಲಯಗಳು ಕೂಡಿ ಸಿನೆಕಾ ಎಂಬ ಗಣಕ ಸಂಸ್ಥೆ ಕಟ್ಟಿದವು. 1969ರಲ್ಲಿ ಊರಿನ ಪಕ್ಕದ ಕಸಲೆಕ್ಕಿಯೊದಲ್ಲಿ ಇಟಲಿಯ ಮೊದಲ ಸೂಪರ್ ಕಂಪ್ಯೂಟರ್ ನೆಲೆಗೊಂಡಿತು. ಊರಿನ ಉತ್ತರ ಭಾಗದಲ್ಲಿ ಹೆಸರಾಂತ ಎಂಜಿನಿಯರ್ ಪಿಯರ್ ಲುಯಿಜಿ ನೆರ್ವಿ ವಿನ್ಯಾಸಗೊಳಿಸಿದ ಹಳೆಯ ತಂಬಾಕು ಕಾರ್ಖಾನೆಯಿದೆ. ಈಗ ಆ ಆವರಣದಲ್ಲಿ ತಂಬಾಕಿನ ಬದಲು ಅಂಕಿಗಳ ಸಂಸ್ಕರಣೆ ನಡೆಯುತ್ತದೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಲಿಯೊನಾರ್ಡೊ ಎಂಬ ಸೂಪರ್ ಕಂಪ್ಯೂಟರ್ ಅಲ್ಲಿದೆ. ಸೆಕೆಂಡಿಗೆ ಸಾವಿರ ಕೋಟಿ ಕೋಟಿಗೂ ಮಿಕ್ಕಿ ಲೆಕ್ಕ ಮಾಡುವ ಅದು ಆಗ ಜಗತ್ತಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು.

ಯಂತ್ರ ಬಲವಾದಂತೆ ಮಾದರಿಗಳೂ ಸೂಕ್ಷ್ಮವಾದವು. 2009ರಲ್ಲಿ ಜನ್ನೋನಿ ಗುಂಪು 5ಸಿಬಿ ಮತ್ತು ಅದರ ಬಂಧುಗಳ ಪರಮಾಣು ಪರಮಾಣುವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅವು ಸಾಮಾನ್ಯ ದ್ರವವಾಗುವ ತಾಪವನ್ನು ಕೆಲವೇ ಡಿಗ್ರಿಗಳ ವ್ಯತ್ಯಾಸದಲ್ಲಿ ಮುಂಗಾಣಿತು. ಇತ್ತ ಹನಿಗಳಿಗೂ ಹೊಸ ಉದ್ಯೋಗ ಸಿಕ್ಕಿತು. 5ಸಿಬಿಯ ಹನಿ ಶುದ್ಧ ನೀರಿನಲ್ಲಿ ಎರಡು ಧ್ರುವಗಳ ರೂಪದಲ್ಲಿರುತ್ತದೆ. ಗೋಡೆಗೆ ಸಾಬೂನಿನಂಥ ವಸ್ತು ಅಂಟಿದರೆ ಕದಂಬದ ರೂಪಕ್ಕೆ ತಿರುಗುತ್ತದೆ. 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ನಿಕೊಲಸ್ ಅಬಟ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಹೊರಕವಚದ ಒಂದು ವಿಷವಸ್ತು ನೀರಿನಲ್ಲಿ ಮಿಲಿಲೀಟರಿಗೆ ಪಿಕೋಗ್ರಾಮಿನಷ್ಟಿದ್ದರೂ, ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗದ ಮಟ್ಟದಲ್ಲಿದ್ದರೂ, ಹನಿ ರೂಪ ಬದಲಿಸುತ್ತದೆಂದು ತೋರಿಸಿದರು. ಇಲ್ಲಿ ಆ ವಸ್ತುವಿನ ಕೆಲಸ ನಡೆಯುವುದು ಬಾಚಣಿಗೆ ನಿಲ್ಲುವ ಸುಳಿಯ ಬಳಿ, ಆ ದೋಷಬಿಂದುವಿನಲ್ಲೇ ಎಂಬುದು ಅವರ ವಿವರಣೆ. ಬೇಡವೆಂದರೂ ಉಳಿಯುವ ದೋಷವೇ ಉಪಕರಣವಾದದ್ದು ಸೋಜಿಗವಲ್ಲವೇ?

ಏರುವ ದಾರಿ

ಪೋರ್ತಾ ಸರಗೋತ್ಸಾದಿಂದ ಹೊರಡುವ ಮೊಗಸಾಲೆಯೊಂದು ಬೆಟ್ಟದ ಮೇಲಿನ ಸಾನ್ ಲೂಕಾ ದೇವಾಲಯದವರೆಗೂ ಏರುತ್ತದೆ. 1674ರಲ್ಲಿ ಕಟ್ಟಲಾರಂಭಿಸಿದ ಈ ದಾರಿಗೆ 666 ಕಮಾನುಗಳು. ಉದ್ದ ಸುಮಾರು 3.8 ಕಿಲೋಮೀಟರ್. ಒಂದು ಕಮಾನನ್ನು ಕಟ್ಟುವುದು ಕಲಿತವರು ಅದನ್ನೇ 666 ಸಲ ಕಟ್ಟಿದರು. ಒಂದು ಕಡ್ಡಿಯನ್ನು ತಿರುಗಿಸುವುದು ಕಲಿತವರು ಅದನ್ನೇ ಕೋಟಿಗಟ್ಟಲೆ ಸಲ ಮಾಡಿ ಹನಿಯ ಒಳಗನ್ನು ಕಂಡರು.

ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಸಂತಸದ ಸುದ್ದಿಯಿದೆ. 1990ರ ಆ ಲೆಕ್ಕಕ್ಕೆ ಇಂದು ಲಿಯೊನಾರ್ಡೊ ಬೇಕಾಗಿಲ್ಲ. ಕೆಲವು ಸಾವಿರ ಕಡ್ಡಿಗಳ ಹನಿ ಮನೆಯ ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಪಿ.ಯು.ಸಿ.ಯಲ್ಲಿ ಕಲಿಯುವ ಕೊಸೈನ್, ಕಾಲೇಜಿನಲ್ಲಿ ಕಲಿಯುವ ಒಂದಿಷ್ಟು ಪೈಥಾನ್ ಪ್ರೋಗ್ರಾಮಿಂಗ್, ಜೊತೆಗೆ ತಾಳ್ಮೆ ಇದ್ದರೆ ಸಾಕು. ಮೊದಲು ದೊಡ್ಡ ಹನಿ, ಆಮೇಲೆ ಅದರ ಅರ್ಧ, ಮತ್ತೆ ಅದರ ಅರ್ಧ ಎಂದು ಚಿಕ್ಕದು ಮಾಡುತ್ತ ಹೋದರೆ ಗೋಡೆಯ ಮಾತು ಯಾವಾಗ ಕೇಂದ್ರದವರೆಗೆ ತಲುಪುತ್ತದೆ ಎಂಬುದನ್ನು ಒಂದು ಭಾನುವಾರದ ಮಧ್ಯಾಹ್ನದಲ್ಲಿ ಮಕ್ಕಳು ತಾವೇ ಕಾಣಬಹುದು.